ಬರ್ಗರ್‌ವಿಲ್: ಈರುಳ್ಳಿಯ ಊರು ಗೊತ್ತು, ಕರಿದವರ ಕೂಲಿ?

ಅಮೆರಿಕದ ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳನ್ನು ಬಿಟ್ಟು ಹೊರಗೆ ಹೆಚ್ಚು ಹೆಸರು ಕೇಳಿಸದ ಫಾಸ್ಟ್ ಫುಡ್ ಸರಣಿ ಬರ್ಗರ್‌ವಿಲ್, ಪೋರ್ಟ್‌ಲ್ಯಾಂಡ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಚಿರಪರಿಚಿತ. ಹಿಲ್ಸ್‌ಬರೊ ಕಡೆಗೆ ಇಂಟೆಲ್ ಕೆಲಸಕ್ಕೆಂದು ಹೊಸದಾಗಿ ಬಂದಿಳಿಯುವವರು ಮಾತ್ರ ಇದನ್ನು ಇನ್ನೊಂದು ಬರ್ಗರ್ ಅಂಗಡಿ ಎಂದು ತಿಳಿದು ಮುಂದೆ ಸಾಗುತ್ತಾರೆ. ಇದು ತಿನ್ನಲು ಯೋಗ್ಯವಾದ ಜಾಗ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಯೋಗ್ಯತೆಯ ಒಂದು ಪಾಲನ್ನು ಕೌಂಟರಿನ ಹಿಂದೆ ನಿಂತವರು ಮುಷ್ಕರ ಹೂಡಿ ಗಳಿಸಿಕೊಟ್ಟರು ಎಂಬುದನ್ನು ಸೇರಿಸದೆ ವಿಮರ್ಶೆ ಬರೆದರೆ ಅದು ಅರ್ಧ ವಿಮರ್ಶೆಯಾದೀತು.

ಮೊದಲು ತಿಂಡಿಯ ಮಾತು. ಇಲ್ಲಿಯ ಹೆಗ್ಗಳಿಕೆ ಬೇಸಿಗೆಯಲ್ಲಷ್ಟೇ ಸಿಗುವ ವಾಲಾ ವಾಲಾ ಈರುಳ್ಳಿಯ ರಿಂಗ್‌ಗಳು. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಕಣಿವೆಯ ಈ ಈರುಳ್ಳಿಗೆ ಘಾಟು ಕಡಿಮೆ, ಸಿಹಿ ಹೆಚ್ಚು. ದಪ್ಪನಾಗಿ ಬಿಲ್ಲೆ ಕತ್ತರಿಸಿ ಕರಿದಾಗ ಹೊರಗಿನ ಪದರ ಗರಿಗರಿಯಾಗಿ, ಒಳಗಿನದು ಕಚ್ಚಿದ ಕೂಡಲೇ ಎಳೆಯದೆ ತುಂಡಾಗುವಷ್ಟು ಮೆತ್ತಗಿರುತ್ತದೆ. ನಮ್ಮ ಈರುಳ್ಳಿ ಬಜ್ಜಿಯ ಓಂಕಾಳು, ಖಾರದ ಪುಡಿಗಳನ್ನು ನಿರೀಕ್ಷಿಸಿದರೆ ಸಪ್ಪೆ ಎನ್ನಿಸಬಹುದು; ಈರುಳ್ಳಿಯದೇ ರುಚಿ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದು ಅಪರೂಪ. ಚೀಸ್ ಆರೆಗನ್ನಿನ ಹೈನುಗಾರರ ಸಹಕಾರ ಸಂಘ ಟಿಲ್ಲಮುಕ್‌ನದು. ಸ್ಟ್ರಾಬೆರಿಯ ಕಾಲದಲ್ಲಿ ಸ್ಟ್ರಾಬೆರಿ ಮಿಲ್ಕ್‌ಶೇಕ್ ಕುಡಿಯದೆ ಬರಬೇಡಿ. ಸಸ್ಯಾಹಾರಿಗಳು ಕರಿಯುವ ಎಣ್ಣೆ ಮಾಂಸಕ್ಕೂ ಬಳಕೆಯಾಗುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಇದು ಅಮೆರಿಕದ ಯಾವ ಫಾಸ್ಟ್ ಫುಡ್ ಅಂಗಡಿಗೂ ಅನ್ವಯಿಸುವ ಮಾತು.

1961ರಲ್ಲಿ ವಾಷಿಂಗ್ಟನ್ನಿನ ವ್ಯಾಂಕೂವರ್ ಪಟ್ಟಣದಲ್ಲಿ ಶುರುವಾದ ಈ ಸಂಸ್ಥೆ ಸ್ಥಳೀಯ ರೈತರಿಂದ ಕೊಳ್ಳುವುದನ್ನೇ ತನ್ನ ಗುರುತನ್ನಾಗಿ ಮಾಡಿಕೊಂಡಿತು. 2005ರಲ್ಲಿ ಪವನ ವಿದ್ಯುತ್ತಿನತ್ತ ಹೊರಳಿತು. 2006ರಲ್ಲಿ ಗಂಟೆಗೂಲಿಯ ನೌಕರರಿಗೂ ತಿಂಗಳಿಗೆ 15 ಡಾಲರಿಗೆ ಆರೋಗ್ಯ ವಿಮೆ ಕೊಟ್ಟು ಮೆಚ್ಚುಗೆ ಪಡೆಯಿತು. ಹಾಗಾಗಿ ಇದು ಕೆಟ್ಟ ಮಾಲೀಕರ ಕಥೆ ಅಲ್ಲ. ಒಳ್ಳೆಯವರೆಂದು ಹೆಸರಾದ ಮಾಲೀಕರೂ ನೌಕರರು ಒಟ್ಟಾಗಿ ಮೇಜಿನ ಎದುರು ಕೂರುತ್ತೇವೆಂದಾಗ ಹೇಗೆ ಹಿಂದೇಟು ಹಾಕುತ್ತಾರೆ ಎಂಬುದೇ ಇಲ್ಲಿಯ ಸ್ವಾರಸ್ಯ.

2016ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡಿನ ನೌಕರರು ಬರ್ಗರ್‌ವಿಲ್ ವರ್ಕರ್ಸ್ ಯೂನಿಯನ್ ಕಟ್ಟಿರುವುದಾಗಿ ಬಹಿರಂಗವಾಗಿ ಸಾರಿ, ಗಂಟೆಗೆ 5 ಡಾಲರ್ ಕೂಲಿ ಏರಿಕೆ ಮತ್ತು ಸಂಘದ ಮಾನ್ಯತೆಯನ್ನು ಕೇಳಿದರು. ಅವರ ಬೆನ್ನಿಗಿದ್ದದ್ದು 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ, ಒಂದು ಕಾಲದಲ್ಲಿ ಅಮೆರಿಕದ ಇದೇ ವಾಯವ್ಯ ಭಾಗದ ಮರಕಡಿಯುವವರನ್ನು ಸಂಘಟಿಸಿದ್ದ ಕಾರ್ಮಿಕ ಸಂಘ ಐಡಬ್ಲ್ಯುಡಬ್ಲ್ಯು (ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್). ಸಂಸ್ಥೆ ತಾನಾಗಿ ಮಾನ್ಯತೆ ಕೊಡಲಿಲ್ಲ. 2018ರ ಫೆಬ್ರುವರಿಯಲ್ಲಿ ನೌಕರರು ಮೂರು ದಿನ ಕೆಲಸ ನಿಲ್ಲಿಸಿದರು. ಗ್ರಾಹಕರು ಬಹಿಷ್ಕರಿಸಬೇಕೆಂದೂ ಕೇಳಿಕೊಂಡರು. ಏಪ್ರಿಲ್‌ನಲ್ಲಿ ಆಗ್ನೇಯ ಪೋರ್ಟ್‌ಲ್ಯಾಂಡಿನ ಒಂದು ಶಾಖೆಯಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಮೇಲ್ವಿಚಾರಣೆಯಲ್ಲಿ ಮತದಾನ ನಡೆದು, 18 ಮತಗಳು ಸಂಘದ ಪರವಾಗಿಯೂ 4 ವಿರುದ್ಧವಾಗಿಯೂ ಬಿದ್ದವು. ಎರಡು ಡಜನ್ನಿಗೂ ಕಡಿಮೆ ಮತಗಳ ಈ ಚುನಾವಣೆ ದೇಶದ ಸುದ್ದಿಯಾಯಿತು, ಏಕೆಂದರೆ ಫಾಸ್ಟ್ ಫುಡ್ ಉದ್ಯಮದಲ್ಲಿ ಹೀಗೆ ಅಧಿಕೃತ ಮಾನ್ಯತೆ ಪಡೆದ ಸಂಘ ಅಮೆರಿಕದಲ್ಲಿ ಬೇರೆ ಇರಲಿಲ್ಲ.

ಮಾನ್ಯತೆ ಸಿಕ್ಕಿದ ಮೇಲೆ ಕೂಲಿ ತಾನಾಗಿ ಏರಲಿಲ್ಲ. ಆ ದೇಶದ ಕಾನೂನು ಮಾಲೀಕರನ್ನು ಮಾತುಕತೆಗೆ ಕೂರಿಸಬಲ್ಲದು, ಒಪ್ಪಂದಕ್ಕೆ ಸಹಿ ಹಾಕಿಸಲಾರದು. ಮಾತುಕತೆ ಎಳೆದಾಡುತ್ತಿರುವಾಗಲೇ 2019ರ ಅಕ್ಟೋಬರ್‌ನಲ್ಲಿ ಮತ್ತೆ ನಾಲ್ಕು ದಿನಗಳ ಮುಷ್ಕರ ನಡೆಯಿತು. ಆಗ ಪೋರ್ಟ್‌ಲ್ಯಾಂಡ್ ಪ್ರದೇಶದ ಕನಿಷ್ಠ ಕೂಲಿ ಗಂಟೆಗೆ 12.50 ಡಾಲರ್. ಒಪ್ಪಂದಕ್ಕೆ 2021ರ ಕೊನೆಯವರೆಗೆ ಕಾಯಬೇಕಾಯಿತು. ಅದರಲ್ಲಿ ಕಾರಣವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಷರತ್ತು, ಪಾಳಿಯ ವೇಳಾಪಟ್ಟಿಯಲ್ಲಿ ಸ್ಥಿರತೆ, ಪಾಳಿಯಲ್ಲಿ ಉಚಿತ ಊಟ, ಗ್ರಾಹಕರಿಂದ ಟಿಪ್ ಪಡೆಯುವ ಅವಕಾಶ ಸೇರಿದ್ದವು. ಕೇಳಿದ್ದ 5 ಡಾಲರ್ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಕೂಲಿಗಿಂತ ಹೆಚ್ಚಿನ ಗೆಲುವು ಆ ಮೊದಲ ಷರತ್ತೇ, ಏಕೆಂದರೆ ಅಮೆರಿಕದ ಬಹುತೇಕ ಖಾಸಗಿ ನೌಕರರಿಗೆ, ನಮ್ಮ ಐಟಿಯವರೂ ಸೇರಿದಂತೆ, ಅಂಥ ರಕ್ಷಣೆ ಇಲ್ಲ.

ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಕಾಫಿ ಕುಡಿದವರು ಈ ವಿಷಯವನ್ನು ಬೇಗ ಗ್ರಹಿಸುತ್ತಾರೆ. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಮನೆಗಳನ್ನು ಕೈಬಿಟ್ಟಾಗ ಕೆಲಸ ಕಳೆದುಕೊಂಡ ನೌಕರರೇ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಒಡೆಯರಾದರು. ಬರ್ಗರ್‌ವಿಲ್‌ನವರು ಒಡೆತನ ಕೇಳಿದವರಲ್ಲ; ಈರುಳ್ಳಿ ಬೆಳೆದವನಿಗೆ ಮೆನುವಿನಲ್ಲಿ ಸಿಗುವ ಮರ್ಯಾದೆ ಅದನ್ನು ಕರಿಯುವವನಿಗೂ ಸಿಗಲಿ ಎಂದರು, ಅಷ್ಟೆ.

ಬೆಲೆ ದೊಡ್ಡ ಸರಣಿಗಳಿಗಿಂತ ಹೆಚ್ಚು, ಅದಕ್ಕೆ ನನ್ನ ತಕರಾರಿಲ್ಲ. ಬೇಸಿಗೆಯಲ್ಲಿ ಹೋಗಿ, ರಿಂಗ್‌ಗಳನ್ನು ಅಲ್ಲೇ ಬಿಸಿಯಾಗಿ ತಿನ್ನಿ, ಪಾರ್ಸೆಲ್ ಮಾಡಿಸಿದರೆ ಮೆತ್ತಗಾಗುತ್ತವೆ. ಬಿಲ್ ಕೊಡುವಾಗ ಟಿಪ್ ಸೇರಿಸಿ.