ಟ್ರೈನಿಂಗ್ ಗೇಮ್ ಕೊಳ್ಳುವ ಮುಂಚೆ ಸ್ವಲ್ಪ ಹುಷಾರು

ಪೀಣ್ಯದಲ್ಲಿರುವ ನಮ್ಮ ಗೋಡೌನ್‌ಗೆ ಹೋದ ವರ್ಷ ಒಂದು ಟ್ರೈನಿಂಗ್ ಗೇಮ್ ತಂದರು. ಫೋರ್ಕ್‌ಲಿಫ್ಟ್, ಅಂದರೆ ಸರಕು ಎತ್ತಿ ಸಾಗಿಸುವ ಗಾಡಿ, ಅದರ ಸುರಕ್ಷತೆ ಕಲಿಸುವ ಫೋನ್ ಆಪ್. ಆಡುವವರ ಮಟ್ಟ ನೋಡಿ ತಾನೇ ಕಷ್ಟ, ಸುಲಭ ಮಾಡಿಕೊಳ್ಳುತ್ತದೆ ಅಂತ ಹೇಳಿ ಮಾರಿದ್ದರು. ನಿಮ್ಮ ಕಂಪನಿಗೂ ಇಂಥದ್ದು ಬರುತ್ತಿದ್ದರೆ ಇದನ್ನು ಓದಿ.

ಇಂಥ ಆಟಗಳು ಸಾಮಾನ್ಯವಾಗಿ ನೋಡುವುದು ಉತ್ತರ ಸರಿಯೋ ತಪ್ಪೋ, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಸುಳಿವು ಕೇಳಿದರು ಅನ್ನುವುದನ್ನು. ನಮ್ಮದರಲ್ಲಿ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಪಕ್ಕದಲ್ಲೇ ಟೈಮರ್. ನಮ್ಮಲ್ಲಿ ಹಿರಿಯ ಆಪರೇಟರ್ ಒಬ್ಬರಿದ್ದಾರೆ. ಲೋಡ್ ಇಟ್ಟುಕೊಂಡು ಇಳಿಜಾರು ಇಳಿಯುವಾಗ ಗಾಡಿಯನ್ನು ರಿವರ್ಸ್‌ನಲ್ಲೇ ಇಳಿಸಬೇಕು. ಇಲ್ಲದಿದ್ದರೆ ಸರಕು ಮುಂದಕ್ಕೆ ಜಾರುತ್ತದೆ, ಗಾಡಿಯೇ ಮುಗ್ಗರಿಸಬಹುದು. ಇದನ್ನು ಹುಡುಗರಿಗೆ ಹೇಳಿಕೊಟ್ಟವರೇ ಅವರು. ಆಟದಲ್ಲಿ ಅದೇ ಪ್ರಶ್ನೆ ಬಂತು. ಓದಿ ಮುಗಿಸುವಷ್ಟರಲ್ಲಿ ಟೈಮ್ ಮುಗಿಯಿತು. ಆಪ್ ಅವರನ್ನು ಕೆಳಗಿನ ಹಂತಕ್ಕೆ ಇಳಿಸಿತು. ಆಮೇಲೆ ಬಂದದ್ದೆಲ್ಲ ಹೆಲ್ಮೆಟ್ ಹಾಕಬೇಕಾ ಬೇಡವಾ ಅನ್ನೋ ಥರದ ಪ್ರಶ್ನೆಗಳು. "ಏನ್ ಸಾರ್, ನನ್ನ ಒಂದನೇ ಕ್ಲಾಸಿಗೆ ಕೂರಿಸ್ಬಿಟ್ರಲ್ಲಾ" ಅಂದರು.

ಇನ್ನೊಂದು ತಮಾಷೆ ಕೇಳಿ. ಸುಲಭದ ಪ್ರಶ್ನೆಗೂ ಕಷ್ಟದ ಪ್ರಶ್ನೆಗೂ ಪಾಯಿಂಟ್ ಒಂದೇ. ಒಬ್ಬ ಹುಡುಗ ಇದನ್ನು ಕಂಡುಹಿಡಿದ. ಮೊದಲು ಬೇಕಂತಲೇ ತಪ್ಪು ಒತ್ತುವುದು, ಸುಲಭದ ಪ್ರಶ್ನೆ ಶುರುವಾದ ಮೇಲೆ ಪಾಯಿಂಟ್ ಬಾಚುವುದು. ಪಟ್ಟಿಯಲ್ಲಿ ಅವನೇ ಫಸ್ಟ್. ತಲೆ ಇದೆ ಬಿಡಿ ಅವನಿಗೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕಲಿಕೆಗಷ್ಟೇ ಅಂದಿದ್ದ ಅಂಕಗಳು ಎಚ್‌ಆರ್‌ ಕೈಗೆ ಹೋದವು. ಇನ್‌ಕ್ರಿಮೆಂಟ್ ಹೊತ್ತಿಗೆ ಆ ಹಿರಿಯರ ಹೆಸರಿನ ಮುಂದೆ 'ಬಿಗಿನರ್' ಅಂತ ಇತ್ತು. ಅವರು ಗಾಡಿ ಓಡಿಸುವುದನ್ನು ನಿಂತು ನೋಡಿ ಅಂಕ ಕೊಟ್ಟವರು ಯಾರೂ ಇಲ್ಲ! ಜಗಳ ಆಡಿಯೇ ಅದನ್ನು ತೆಗೆಸಬೇಕಾಯಿತು. ಆಪ್ ಮಾರಿದವರನ್ನು ಕೇಳಿದರೆ, "ಅದು ಅಲ್ಗಾರಿದಮ್ ಮಾಡೋದು ಸಾರ್" ಅಂತ ಕೈ ತೊಳೆದುಕೊಂಡರು.

ಆಟದ ಮೂಲಕ ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಪೈಲಟ್‌ಗಳು ಸಿಮ್ಯುಲೇಟರಿನಲ್ಲೂ ಕಲಿಯುತ್ತಾರೆ ಅಲ್ವಾ? ಆದರೆ ಅಲ್ಲಿ ನಿಜವಾದ ಕೈಕೆಲಸ ಮಾಡಿಸಿ, ಕಲಿಸುವವರು ಪಕ್ಕದಲ್ಲಿದ್ದು ನೋಡುತ್ತಾರೆ.

ಡೆಮೊಗೆ ಬಂದಾಗ ಮ್ಯಾನೇಜರುಗಳೇ ಆಡಿ ನೋಡಿ ಮುಗಿಸಬೇಡಿ. ಗಾಡಿ ಓಡಿಸುವವರ ಕೈಗೆ ಫೋನ್ ಕೊಡಿ. ಕನ್ನಡ ಇದೆಯಾ, ಹಿಂದಿ, ತಮಿಳು ಇದೆಯಾ, ಪ್ರಶ್ನೆಯನ್ನು ಓದಿ ಹೇಳುತ್ತದಾ, ಟೈಮರ್ ನಿಲ್ಲಿಸಬಹುದಾ, ನೋಡಿ. ಆಪ್ ಕೊಟ್ಟ ಹಂತ ತಪ್ಪಿದ್ದರೆ ಸೂಪರ್‌ವೈಸರ್ ಬದಲಿಸಬಹುದಾ ಅಂತಲೂ ಕೇಳಿ. ಅಂಕಗಳನ್ನು ಯಾರು ನೋಡುತ್ತಾರೆ, ಯಾತಕ್ಕೆ ಬಳಸುತ್ತಾರೆ ಅನ್ನುವುದನ್ನು ಬರೆಸಿಕೊಂಡೇ ಸಹಿ ಹಾಕಿ. ನಮಗೆ ಎಲ್ಲವನ್ನೂ ಬಾಯಿಮಾತಿನಲ್ಲೇ ಹೇಳಿದ್ದರು.