ಜಿಲ್ಲಾಸ್ಪತ್ರೆಯ ಹೆಪಟೈಟಿಸ್ ಸೆಂಟರ್: ಎರಡು ವರ್ಷ ಅಪ್ಪನ ಜೊತೆ ಓಡಾಡಿದ ಮೇಲೆ ನನ್ನ ರಿವ್ಯೂ

ನಮ್ಮ ಜಿಲ್ಲಾಸ್ಪತ್ರೆಲಿ ಹೆಪಟೈಟಿಸ್ ಬಿ, ಸಿ ಅನ್ನೋ ಲಿವರ್‌ಗೆ ತಗುಲೋ ವೈರಸ್ ಕಾಯಿಲೆ ಎರಡಕ್ಕೂ ಟೆಸ್ಟು ಮಾತ್ರೆ ಎಲ್ಲಾ ಫ್ರೀಯಾಗಿ ಕೊಡೋ ಸೆಂಟರ್ ಇದೆ, 2018ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪ್ರೋಗ್ರಾಂ ಅಡೀಲಿ ನಡೆಯೋದು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಇದು ಮೊದಲೇ ಗೊತ್ತಿದ್ರೆ ಅನ್ನೋ ಸಂಕಟ ಇನ್ನೂ ಹೋಗಿಲ್ಲ, ಅದಕ್ಕೇ ಬರೀತಿದೀನಿ.

2009ರಲ್ಲಿ ಅಪ್ಪಂಗೆ ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಟೆಸ್ಟ್ ಮಾಡ್ದಾಗ ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ಅಲ್ಲಿಯ ಡಾಕ್ಟ್ರು "ನೀವು ಕ್ಯಾರಿಯರ್ ಅಷ್ಟೆ, ಅಂದ್ರೆ ವೈರಸ್ ಒಳಗಿದೆ, ಲಿವರ್ ನಾರ್ಮಲ್ ಇದೆ, ಏನೂ ಬೇಡ" ಅಂದ್ರು, ನಾವೂ ಅಪ್ಪ ಕುಡಿಯೋರಲ್ಲ, ಅವರ ಲಿವರ್‌ಗೆ ಏನಾಗುತ್ತೆ ಅಂತ ಸುಮ್ನಾದ್ವಿ. ಆಮೇಲೆ ಹದಿಮೂರು ವರ್ಷ ಒಂದೇ ಒಂದು ಸ್ಕ್ಯಾನ್ ಇಲ್ಲ. ಕೊನೆಗೆ ಬೇರೆ ಯಾವ್ದೋ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸ್ದಾಗ ಲಿವರ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ, ಕ್ಯಾನ್ಸರ್. ಚಿಕ್ಕದಿತ್ತು ಅಂತ ಬೆಂಗಳೂರಲ್ಲಿ ಸೂಜಿ ಹಾಕಿ ಸುಟ್ಟು ತೆಗೆದ್ರು, ಅಪ್ಪ ಈಗ ಚೆನ್ನಾಗಿದಾರೆ, ಮಾತ್ರೆಗೆ ಮಾತ್ರ ನಿಮ್ಮ ಜಿಲ್ಲಾಸ್ಪತ್ರೆಗೇ ಹೋಗಿ ಅಂತ ಚೀಟಿ ಬರ್ಕೊಟ್ರು.

ಈ ಸೆಂಟರ್‌ನಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕೂರಿಸ್ಕೊಂಡು ಬಿಡಿಸಿ ಹೇಳೋದು. ಕುಡಿಯದೇ ಇರೋರಿಗೆ ಕ್ಯಾನ್ಸರ್ ಹೇಗೆ ಬಂತು ಮೇಡಂ ಅಂತ ನಾನು ಅತ್ತಾಗ ಡಾಕ್ಟರಮ್ಮ ಓಪಿಡಿ ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದ್ರು. ವೈರಸ್ ವರ್ಷಗಟ್ಟಲೆ ಒಳಗಿದ್ರೆ ನಮ್ಮ ದೇಹ ಅದರ ಮೇಲೆ ಜಗಳಕ್ಕೆ ಬೀಳುತ್ತಂತೆ, ಆ ಜಗಳದಲ್ಲಿ ಲಿವರ್ ಕಣಗಳು ಸಾಯ್ತಾ ಹುಟ್ತಾ ಸಾಯ್ತಾ ಹುಟ್ತಾ ಗಾಯದ ಕಲೆ ಥರ ಗಟ್ಟಿಯಾಗುತ್ತೆ, ಅದೇ ಸಿರೋಸಿಸ್, ಹಂಗೆ ಪದೇ ಪದೇ ಹೊಸ ಕಣ ಹುಟ್ಟೋವಾಗ ಎಲ್ಲೋ ಒಂದು ಕಡೆ ತಪ್ಪಾಗಿ ಕ್ಯಾನ್ಸರ್ ಶುರುವಾಗ್ಬಹುದು. ಸಿ ವೈರಸ್‌ನಿಂದ ಕ್ಯಾನ್ಸರ್ ಹೆಚ್ಚಾಗಿ ಈ ದಾರೀಲೇ ಬರೋದು. ಆದ್ರೆ ಬಿ ಇನ್ನೂ ಒಂದು ಕೆಲಸ ಮಾಡುತ್ತೆ, ತನ್ನ ಡಿಎನ್‌ಎ ತುಂಡನ್ನ ನಮ್ಮ ಲಿವರ್ ಕಣದ ಡಿಎನ್‌ಎ ಒಳಗೇ ಸೇರಿಸಿಬಿಡುತ್ತೆ, ಅದಕ್ಕೇ ಸಿರೋಸಿಸ್ ಇಲ್ದೇನೂ ಕೆಲವರಿಗೆ ಕ್ಯಾನ್ಸರ್ ಆಗುತ್ತೆ. ಅಪ್ಪಂಗೆ ಆಗಿದ್ದು ಅದೇ. ಬಿ ಇರೋರೆಲ್ಲರಿಗೂ ಕ್ಯಾನ್ಸರ್ ಬರಲ್ಲ, ಬಹಳ ಜನಕ್ಕೆ ಬರೋದೇ ಇಲ್ಲ, ಆದ್ರೆ ಯಾರಿಗೆ ಬರುತ್ತೆ ಅಂತ ಸ್ಕ್ಯಾನ್ ಮಾಡ್ದೆ ಗೊತ್ತಾಗಲ್ಲ ಅಂದ್ರು. ನಲವತ್ತು ದಾಟಿದ ಅಪ್ಪನಂಥೋರಿಗೆ ಆರು ತಿಂಗಳಿಗೊಂದು ಅಲ್ಟ್ರಾಸೌಂಡ್ ಬೇಕೇ ಬೇಕು. 2009ರಲ್ಲಿ ಈ ಒಂದು ಮಾತು ಯಾರಾದ್ರೂ ಹೇಳಿದ್ರೆ ಸಾಕಿತ್ತು.

ಆಮೇಲೆ ಮನೆಯವರನ್ನೆಲ್ಲ ಕರೆಸಿ ಟೆಸ್ಟ್ ಮಾಡಿದ್ರು. ಚಿಕ್ಕಪ್ಪಂಗೂ ಪಾಸಿಟಿವ್, ಅಜ್ಜಿಯಿಂದ ಹೆರಿಗೇಲೇ ಇಬ್ಬರಿಗೂ ಬಂದಿರ್ಬೇಕು ಅಂದ್ರು. ಹುಟ್ಟೋವಾಗ ತಗುಲಿದ್ರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಜೀವನ ಪೂರ್ತಿ ಉಳ್ಕೊಳ್ಳುತ್ತಂತೆ, ದೊಡ್ಡೋರಾದ ಮೇಲೆ ತಗುಲಿದ್ರೆ ನೂರಕ್ಕೆ ಐದಕ್ಕಿಂತ ಕಮ್ಮಿ. ಅದಕ್ಕೇ ಮಗು ಹುಟ್ಟಿ 24 ಗಂಟೆ ಒಳಗೆ ಲಸಿಕೆ ಕೊಡೋದು. ತೈವಾನ್‌ನಲ್ಲಿ 1984ರಿಂದ ಹಂಗೆ ಕೊಟ್ಟು ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ರೇ ಇಳಿದುಹೋಯ್ತಂತೆ. ನಂಗೆ ನೆಗೆಟಿವ್, ಲಸಿಕೆ ಮೂರು ಡೋಸ್ ಹಾಕಿಸ್ಕೊಂಡೆ, ಮೊದಲನೇದು ಆದ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು.

ಶೇಂಗಾ ವಿಷ್ಯಾನೂ ಕೇಳಿದ್ರು. ನಮ್ಮದೇ ಹೊಲದ ಶೇಂಗಾ, ಬೂಷ್ಟು ಹಿಡಿದಿದ್ದನ್ನೂ ಹುರಿದು ಚಟ್ನಿಪುಡಿಗೆ ಹಾಕ್ತಿದ್ವಿ, ದಂಡ ಆಗ್ಬಾರ್ದು ಅಂತ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಹುರಿದ್ರೂ ಪೂರ್ತಿ ಹೋಗಲ್ಲ, ಹೆಪಟೈಟಿಸ್ ಬಿ ಜೊತೆ ಅದೂ ಸೇರಿದ್ರೆ ಕ್ಯಾನ್ಸರ್ ಅಪಾಯ ಎಷ್ಟೋ ಪಟ್ಟು ಹೆಚ್ಚು. ಈಗ ಅಮ್ಮ ಒಂದೊಂದೇ ಕಾಳು ಆರಿಸ್ತಾರೆ.

ಮಾತ್ರೆ ಟೆನೊಫೊವಿರ್, ದಿನಕ್ಕೊಂದು, ಇಷ್ಟು ದಿನದಲ್ಲಿ ಒಂದು ಸಲಾನೂ ಸ್ಟಾಕ್ ಇಲ್ಲ ಅಂದಿಲ್ಲ. ವೈರಸ್ ಪೂರ್ತಿ ಹೋಗಲ್ಲ, ಅಡಗಿರುತ್ತೆ, ನಾವಾಗೇ ನಿಲ್ಲಿಸ್ಬಾರ್ದು. ಸಿ ಇರೋರ ಅದೃಷ್ಟ ಚೆನ್ನಾಗಿದೆ, ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ತಗೊಂಡ್ರೆ ನೂರಕ್ಕೆ 95ಕ್ಕಿಂತ ಹೆಚ್ಚು ಜನಕ್ಕೆ ವಾಸಿಯಾಗುತ್ತೆ. ಕ್ಯೂನಲ್ಲಿ ಪರಿಚಯ ಆದ ಒಬ್ಬರಿಗೆ ವಾಸಿಯಾಗಿದೆ, ಆದ್ರೆ ಅಷ್ಟರಲ್ಲೇ ಸಿರೋಸಿಸ್ ಆಗಿತ್ತು ಅಂತ ಅವರನ್ನೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಕರೀತಾರೆ.

ಒಂದು ಸ್ಟಾರ್ ಕಟ್ ಮಾಡಿದ್ದು ಕೌಂಟರ್‌ಗೆ. ಹೆಸರು ಕೂಗೋವಾಗ ಜೊತೆಗೆ ಕಾಯಿಲೆ ಹೆಸರೂ ಜೋರಾಗಿ ಕೂಗ್ತಾರೆ, ಅಪ್ಪ ತಲೆ ತಗ್ಗಿಸ್ಕೊಂಡು ಎದ್ದು ಹೋಗ್ತಾರೆ, ನೋಡೋಕಾಗಲ್ಲ. ಮೊದಲೇ ನಮ್ಮ ಅತ್ತೆ ಮನೆಲಿ ಅಪ್ಪಂಗೆ ಬೇರೆ ತಟ್ಟೆ ಇಟ್ಟಿದ್ರು. ಇದು ಒಟ್ಟಿಗೆ ಊಟ ಮಾಡಿದ್ರೆ, ಮುಟ್ಟಿದ್ರೆ ಬರಲ್ಲ, ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗುಗೆ, ಒಂದೇ ಬ್ಲೇಡು ಸೂಜಿ ಬಳಸಿದ್ರೆ ಬರೋದು. ಕೌನ್ಸೆಲರ್ ಅಕ್ಕ ಅತ್ತೆಗೆ ಫೋನಲ್ಲೇ ಅರ್ಧ ಗಂಟೆ ಹೇಳಿದ್ಮೇಲೆ ಆ ತಟ್ಟೆ ಹೋಯ್ತು. ಅಂಥ ಕೌನ್ಸೆಲರ್ ಇರೋ ಜಾಗದಲ್ಲೇ ಕೌಂಟರ್‌ನೋರು ಹಿಂಗೆ ಕೂಗಬಾರದು. ಸ್ಕ್ಯಾನ್ ಡೇಟೂ ಒಂದ್ಸಲ ಎರಡು ತಿಂಗಳು ಮುಂದೆ ಹೋಗಿತ್ತು, ನಾವು ಕಾಯದೆ ಹೊರಗಡೆ ದುಡ್ಡು ಕೊಟ್ಟು ಮಾಡಿಸಿದ್ವಿ.

ಹೊಸಬರು ಹೋಗೋದಾದ್ರೆ ಹಳೇ ರಿಪೋರ್ಟ್ ಎಷ್ಟೇ ಹಳೇದಿದ್ರೂ ತಗೊಂಡ್ಹೋಗಿ, ಸ್ಕ್ಯಾನ್ ದಿನ ಖಾಲಿ ಹೊಟ್ಟೇಲಿ ಹೋಗಿ, ಅಣ್ಣ ತಮ್ಮ ಅಕ್ಕ ತಂಗಿ ಮಕ್ಕಳು ಯಾರಿದ್ರೂ ಮೊದಲ ದಿನಾನೇ ಜೊತೆಗೆ ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿ. ನಮ್ಮ ಚಿಕ್ಕಪ್ಪನ ಮುಂದಿನ ಸ್ಕ್ಯಾನ್ ಬರೋ ತಿಂಗಳಿದೆ.