ನೇತ್ರಾಣಿಯಲ್ಲಿ ಓಪನ್ ವಾಟರ್ ಕೋರ್ಸ್: ಬೋಟು, ಸಲಕರಣೆ ಎಲ್ಲಾ ಓಕೆ, ಕಲಿಸುವ ರೀತಿಯಲ್ಲೇ ತಕರಾರು

ಮುರುಡೇಶ್ವರದ ಒಂದು ಡೈವ್ ಸೆಂಟರ್‌ನಲ್ಲಿ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗ್‌ನ ಮೊದಲ ಸರ್ಟಿಫಿಕೇಟ್ ಕೋರ್ಸ್) ಮುಗಿಸಿದೆ, ಸಮುದ್ರದ ಡೈವ್ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಹೆಸರು ಹಾಕಲ್ಲ, ಕೇಳಬೇಡಿ. ಬೋಟು ಹೇಳಿದ ಹೊತ್ತಿಗೆ ಹೊರಟಿತು, ಸಿಲಿಂಡರ್‌ನಲ್ಲಿ 200 ಬಾರ್, ಅಂದರೆ ಪೂರ್ತಿ ಗಾಳಿ ಇತ್ತು, ವೆಟ್‌ಸೂಟ್ ಹರಿದಿರಲಿಲ್ಲ, ಹೆದರಿದವರ ಮೇಲೆ ಯಾರೂ ರೇಗಲಿಲ್ಲ. ಸುಮ್ನೆ ಒಂದು ದಿನ ಮೀನು ನೋಡಿ ಬರುವವರು ಧೈರ್ಯವಾಗಿ ಹೋಗಬಹುದು. ಅದು ಹೆಚ್ಚೆಂದರೆ 12 ಮೀಟರ್ ಆಳ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ.

ಸರ್ಟಿಫಿಕೇಟ್ ಕೋರ್ಸ್ ಮಾತು ಬೇರೆ. ಅದು ಕೈಗೆ ಬಂದ ಮೇಲೆ ಇನ್ನೊಬ್ಬ ಡೈವರ್ ಜೊತೆ 18 ಮೀಟರ್‌ವರೆಗೆ ನೀವೇ ಇಳಿಯಬಹುದು ಅಂತ ಲೆಕ್ಕ.

ಇಲ್ಲಿ ಪೂಲ್‌ನಲ್ಲಿ ಎಲ್ಲರನ್ನೂ ತಳದಲ್ಲಿ ಮಂಡಿಯೂರಿ ಕೂರಿಸಿದರು. ಮಾಸ್ಕ್ ತೆಗೆದು ಹಾಕುವುದು, ರೆಗ್ಯುಲೇಟರ್ (ಬಾಯಲ್ಲಿ ಕಚ್ಚಿ ಉಸಿರಾಡುವ ಸಾಧನ) ಬಾಯಿಂದ ಬಿಟ್ಟು ಮತ್ತೆ ಹುಡುಕುವುದು, ಎಲ್ಲಾ ಕೂತೇ. ಮೇಲೆ ತೇಲಬಾರದು ಅಂತ ಬೆಲ್ಟಿಗೆ ಸೀಸ ಜಾಸ್ತಿ. ಅದೇ ತೂಕದಲ್ಲಿ ಸಮುದ್ರಕ್ಕೂ ಇಳಿಸಿದರು. ನೇತ್ರಾಣಿಯಲ್ಲಿ ಕೆಳಗಿರುವುದು ಹೆಚ್ಚಾಗಿ ಬಂಡೆ, ಹವಳ. ಅಲ್ಲಿ ಎಲ್ಲಿ ಮಂಡಿಯೂರೋದು? ನನ್ನ ಮುಂದಿದ್ದ ಹುಡುಗನ ಮಾಸ್ಕಿಗೆ ನೀರು ನುಗ್ಗಿತು. ಅಭ್ಯಾಸಬಲ, ಕಾಲು ಕೆಳಗೆ ಬಿಟ್ಟ. ಎರಡೂ ಫಿನ್ಸ್ ಹವಳದ ಮೇಲೆ.

ಜಾಸ್ತಿ ತೂಕದ ತೊಂದರೆ ಅಷ್ಟಕ್ಕೇ ಮುಗಿಯಲ್ಲ. ಮುಳುಗದಿರಲು ಜಾಕೆಟ್ಟಿಗೆ ಗಾಳಿ ಜಾಸ್ತಿ ತುಂಬಬೇಕಾಗುತ್ತದೆ, 10 ಮೀಟರ್ ಆಳದಲ್ಲಿ ತುಂಬಿದ ಆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಉಬ್ಬುತ್ತದೆ, ಹೊಸಬರು ಅದನ್ನು ಸಮಯಕ್ಕೆ ಬಿಡದೆ ರಾಕೆಟ್ ಥರ ಮೇಲೆ ಹೋಗುತ್ತಾರೆ.

ಹಿರಿಯ ಇನ್‌ಸ್ಟ್ರಕ್ಟರ್ ವಾದ: ಮೊದಲು ಭಯ ಹೋಗಲಿ, ತೇಲೋದು (ತಳ ಮುಟ್ಟದೆ ನೀರಿನ ನಡುವೆ ನಿಲ್ಲೋದು) ಆಮೇಲೆ. ಪೂರ್ತಿ ತಪ್ಪು ಅನ್ನಲಾರೆ. ಮೊದಲ ಅರ್ಧ ಗಂಟೆ ಕಾಲ ಕೆಳಗೆ ನೆಲ ಇದ್ದರೆ ನಿಜಕ್ಕೂ ಸಮಾಧಾನ. ಆದರೆ ಕೋರ್ಸ್ ಪೂರ್ತಿ ಹಾಗೇ ಇದ್ದರೆ? ಡೈವಿಂಗ್ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಪಾಡಿಯ (PADI) ಈಗಿನ ಕೋರ್ಸ್‌ನಲ್ಲೇ ತೇಲುತ್ತಾ ಕಲಿಸುವುದಕ್ಕೆ ಒತ್ತು ಇದೆ.

ಅಲ್ಲೇ ಇನ್ನೊಬ್ಬ ಕಿರಿಯ ಇನ್‌ಸ್ಟ್ರಕ್ಟರ್ ಇದ್ದರು. ಅವರದು ಬ್ಯಾಕ್‌ಪ್ಲೇಟ್ (ಜಾಕೆಟ್ ಬದಲು ಬೆನ್ನಿಗೆ ಕಟ್ಟುವ ಗಟ್ಟಿ ಹಲಗೆ), ರೆಗ್ಯುಲೇಟರ್‌ಗೆ ಉದ್ದ ಹೋಸ್. ಫ್ಲೋರಿಡಾದ ನೀರೊಳಗಿನ ಗುಹೆಗಳಲ್ಲಿ ಹುಟ್ಟಿದ ಪದ್ಧತಿ ಇದು, 1998ರಲ್ಲಿ ಶುರುವಾದ ಜಿಯುಇ (GUE) ಅನ್ನುವ ಡೈವಿಂಗ್ ತರಬೇತಿ ಸಂಸ್ಥೆ ಇದನ್ನೇ ಕಲಿಸುತ್ತದೆ. ತಂಡದಲ್ಲಿ ಎಲ್ಲರದೂ ಒಂದೇ ಥರದ ಸಲಕರಣೆ. ಯಾರಿಗಾದರೂ ಗಾಳಿ ಮುಗಿದರೆ ನಿಮ್ಮ ಬಾಯಲ್ಲಿರುವುದನ್ನೇ ತೆಗೆದು ಕೊಡುವುದು, ಗದ್ದದ ಕೆಳಗೆ ನೇತಾಡುವ ಇನ್ನೊಂದನ್ನು ನೀವು ಕಚ್ಚಿಕೊಳ್ಳುವುದು. ಹೋಸ್ ಸುಮಾರು 2 ಮೀಟರ್ ಇರುತ್ತದೆ, ಇಕ್ಕಟ್ಟಿನಲ್ಲಿ ಒಬ್ಬರ ಹಿಂದೆ ಒಬ್ಬರು ಬರಲಿ ಅಂತ. ಇಬ್ಬರಿಗೂ ಬೋಟಿನಲ್ಲಿ ಇದೇ ಜಗಳ. "ನೇತ್ರಾಣಿಯಲ್ಲಿ ಎಲ್ಲಿದೆ ಮಾರಾಯ ನಿನ್ನ ಗುಹೆ?" ಅಂತ ಹಿರಿಯರು.

ಉದ್ದ ಹೋಸ್ ಹೊಸಬರಿಗೆ ಬೇಕಿಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ನನಗೆ ಕೊಟ್ಟ ಬಾಡಿಗೆ ಸೆಟ್‌ನಲ್ಲಿ ಹಳದಿ ಆಕ್ಟೋಪಸ್ (ಇನ್ನೊಬ್ಬರಿಗೆ ಕೊಡಲು ಇರುವ ಹೆಚ್ಚುವರಿ ರೆಗ್ಯುಲೇಟರ್) ಕ್ಲಿಪ್ಪಿನಿಂದ ಜಾರಿ ಮರಳಲ್ಲಿ ಎಳೆದಾಡುತ್ತಿತ್ತು. ಮೇಲೆ ಬಂದು ನೋಡಿದರೆ ಮೌತ್‌ಪೀಸ್ ಒಳಗೆ ಮರಳು. ಉಸಿರು ಸಿಗದವನ ಕೈಗೆ ಅದನ್ನು ಕೊಡೋದಾ? ಗದ್ದದ ಕೆಳಗೆ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಇನ್ನು ಜಾಕೆಟ್ಟೋ ಬ್ಯಾಕ್‌ಪ್ಲೇಟೋ ಅನ್ನೋದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ. ಬ್ಯಾಕ್‌ಪ್ಲೇಟಿನಲ್ಲಿ ಅಡ್ಡ ಮಲಗಿ ಈಜುವುದು ಸುಲಭ, ಅಲೆ ಇರುವಾಗ ಮೇಲೆ ನೆಟ್ಟಗೆ ತೇಲಲು ಜಾಕೆಟ್ ಆರಾಮ.

ಕೊನೆಗೆ ನನ್ನ ತೂಕ ಸರಿ ಮಾಡಿದ್ದು ಆ ಕಿರಿಯರೇ. ಜಾಕೆಟ್ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ನಾನು ಸೀದಾ ಕೆಳಗೆ ಹೋದೆ. ಸಿಲಿಂಡರ್ ಖಾಲಿಯಾಗುತ್ತಾ ಸುಮಾರು 2 ಕಿಲೋ ಹಗುರವಾಗುವುದನ್ನೂ ಲೆಕ್ಕ ಹಾಕಿ, ಬೆಲ್ಟಿನಿಂದ ಎರಡು ಸೀಸದ ತುಂಡು ತೆಗೆದರು. ಆಮೇಲೆ ಉಸಿರಲ್ಲೇ ಮೇಲೆ ಕೆಳಗೆ ಆಗೋದು ಗೊತ್ತಾಯಿತು. ಇದು ಮೊದಲ ದಿನವೇ ಆಗಬೇಕಿತ್ತು ಅಲ್ವಾ?

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ: ಮಂಡಿಯೂರಿಸಿ ಕಲಿಸ್ತೀರಾ, ತೇಲಿಸಿ ಕಲಿಸ್ತೀರಾ? ತೂಕ ಯಾವಾಗ ನೋಡ್ತೀರಾ? ಹಾರಿಕೆ ಉತ್ತರ ಬಂದರೆ ಬೇರೆ ಕಡೆ ನೋಡಿ.

ಹಾಂ, ಇನ್ನೊಂದು. ಡೈವ್ ಆದ ರಾತ್ರಿಯೇ ಬೆಂಗಳೂರು ಬಸ್ ಬುಕ್ ಮಾಡಬೇಡಿ. ಘಟ್ಟ ಹತ್ತಿ ಸುಮಾರು 900 ಮೀಟರ್ ಎತ್ತರಕ್ಕೆ ಬರ್ತೀರಿ, ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅನ್ನುವ ಕಾರಣವೇ (ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ) ಇಲ್ಲಿಗೂ ಸೇರುತ್ತದೆ. ಹಲವು ಡೈವ್ ಆದ ಮೇಲೆ ವಿಮಾನಕ್ಕೆ 18 ಗಂಟೆ ಬಿಡಿ ಅಂತಾರೆ, ಬಸ್ಸಿಗೂ ಹಾಗೇ ಮಾಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಸೆಂಟರ್‌ನಲ್ಲಿ ಇದನ್ನು ಯಾರೂ ಹೇಳಲಿಲ್ಲ.